ಉಳಿಸಿದ ಒಂದು ಮೀಟರು

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವಳು ಗಂಡನ ತಂಗಿ; ಅದು ನ್ಯಾಯವೇ. ಆಮೇಲೆ ನಾದಿನಿಯ ಗೆಳತಿಯರು ಕರೆದರು, ಗೆಳತಿಯರ ತಾಯಂದಿರು ಕರೆದರು, ಕೊನೆಗೆ ಅವಳಿಗಿಂತ ಇಪ್ಪತ್ತು ವರ್ಷ ಹಿರಿಯರಾದ ಔಷಧದಂಗಡಿಯ ಯಜಮಾನರೂ ಕರೆದರು. ಹಾಗೆ ಕರೆಯುತ್ತ ಬಾಗಿಲಿಗೆ ಬಂದವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಲ ಇರುತ್ತಿತ್ತು. ಚೀಲದಲ್ಲಿ ಜಿಪ್ಪು ಕಿತ್ತ ಪ್ಯಾಂಟು, ಅಂಚು ಬಿಚ್ಚಿ ಉದ್ದ ಮಾಡಬೇಕಾದ ಶಾಲೆಯ ಲಂಗ, ತೋಳು ಬಿಗಿಯಾದ ಅಂಗಿ. ಹೇಗೂ ಮಿಷಿನ್ ಹತ್ತಿರ ಕೂತೇ ಇರುತ್ತೀಯಲ್ಲ ಎಂಬ ಮಾತು ಅದರ ಜೊತೆಗೆ ಬರುತ್ತಿತ್ತು.

ಹೊಲಿಗೆ ಮಿಷಿನ್ ಇದ್ದದ್ದು ಅಡುಗೆಮನೆಯ ಬಾಗಿಲಿಗೂ ಅತ್ತೆಯ ಮಂಚಕ್ಕೂ ನಡುವೆ. ಅಲ್ಲಿ ಕೂತರೆ ಎಡಗಣ್ಣಿಗೆ ಒಲೆ, ಬಲಗಣ್ಣಿಗೆ ಅತ್ತೆ. ಕಿಟಕಿಯ ಬಳಿ ಬೆಳಕು ಚೆನ್ನಾಗಿತ್ತು, ನಿಜ. ಆದರೆ ಕಿಟಕಿಯ ಬಳಿ ಕೂತರೆ ಹಾಲು ಉಕ್ಕಿದ್ದು ಕಾಣುತ್ತಿರಲಿಲ್ಲ.

ಅವಳಿಗೆ ನಲವತ್ತನಾಲ್ಕು ತುಂಬಿ ಹತ್ತು ತಿಂಗಳಾಗಿತ್ತು. ಹಿಂದೆ ಆರು ವರ್ಷ ಒಂದು ಬಟ್ಟೆ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಸಹಾಯಕಿಯಾಗಿದ್ದಳು. ಅತ್ತೆ ಬಚ್ಚಲಲ್ಲಿ ಬಿದ್ದು ಕೈಕಾಲಿನ ಸ್ವಾಧೀನ ತಪ್ಪಿದಾಗ ಮೂರು ತಿಂಗಳು ರಜೆ ಬರೆದುಕೊಟ್ಟು ಬಂದಳು. ಮೂರು ತಿಂಗಳು ಮುಗಿದಾಗ ಹೋಗಬೇಡ ಎಂದು ಯಾರೂ ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ನಾಲ್ಕನೆಯ ತಿಂಗಳ ಮೊದಲ ದಿನ ಎಲ್ಲರೂ ಎಂದಿನಂತೆ ಊಟದ ಡಬ್ಬಿ ಹಿಡಿದು ಹೊರಟುಹೋದರು, ಮಂಚದ ಮೇಲೆ ಅತ್ತೆ, ಮಂಚದ ಪಕ್ಕದಲ್ಲಿ ಅವಳು ಉಳಿದರು. ಆ ರಜೆಗೆ ಈಗ ಹದಿನಾಲ್ಕು ವರ್ಷ.

ಜಾಹೀರಾತು ತೋರಿಸಿದವಳು ನಾದಿನಿ. ಅವಳು ಎರಡು ಬೀದಿ ಆಚೆ ಸಂಸಾರ ಮಾಡಿಕೊಂಡಿದ್ದು, ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ದಿನಕ್ಕೊಮ್ಮೆ ತಾಯಿಯನ್ನು ನೋಡಲು ಬಂದು, ಕಾಲು ಗಂಟೆ ಮಂಚದ ಅಂಚಿನಲ್ಲಿ ಕೂತು, ಅರ್ಧ ಗಂಟೆ ಅತ್ತಿಗೆಯೊಡನೆ ಹರಟುತ್ತಿದ್ದಳು. ಆಸ್ಪತ್ರೆಗಳಿಗೆ ಕೋಟು ಹೊಲಿಯುವ ಸಮವಸ್ತ್ರದ ಕಾರ್ಖಾನೆಗೆ ಒಬ್ಬ ಕಟಿಂಗ್ ಮಾಸ್ಟರ್ ಬೇಕು. ಹುದ್ದೆ ಒಂದೇ. ಅನುಭವ ಐದು ವರ್ಷ. ನಲವತ್ತೈದು ತುಂಬಿರಬಾರದು.

ಅತ್ತಿಗೆ ಅದನ್ನು ಎರಡು ಸಲ ಓದಿದಳು. ಇಂಥ ಕಾರ್ಖಾನೆಗಳಿಗೆಲ್ಲ ಅದೇ ನಿಯಮ ಎಂದು ಅವಳಿಗೆ ಗೊತ್ತಿತ್ತು. ಇನ್ನೆರಡು ತಿಂಗಳು ಕಳೆದರೆ ಯಾವ ಕಾರ್ಖಾನೆಯ ಕಟಿಂಗ್ ಮೇಜೂ ಅವಳಿಗೆ ಇಲ್ಲ. ಹಾಗಂತ ಎದೆ ಹೊಡೆದುಕೊಂಡದ್ದೇನೂ ಇಲ್ಲ. ಬಸ್ಸಿನ ಹೊತ್ತು ನೋಡಿಕೊಳ್ಳುವವರ ಹಾಗೆ ತಾರೀಕು ನೋಡಿಕೊಂಡಳು, ಅಷ್ಟೇ.

“ಹಾಕೋಣ” ಎಂದಳು.

ಅರ್ಜಿ ತುಂಬಲು ನಾದಿನಿ ಒಂದು ಭಾನುವಾರವನ್ನೇ ಎತ್ತಿಟ್ಟಳು. ಅವಳ ಕಚೇರಿಯಲ್ಲಿ ಒಂದು ಜಾಗ ಖಾಲಿಯಾದರೆ ಮುನ್ನೂರು ಅರ್ಜಿ ಬರುತ್ತವಂತೆ. ಸಾಹೇಬರು ಒಂದೊಂದರ ಮೇಲೂ ಕಣ್ಣಾಡಿಸುವುದು ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತಂತೆ. ಆದ್ದರಿಂದ ಎದ್ದು ಕಾಣಬೇಕು. ಎಲೆಮರೆಯ ಕಾಯಿಯ ಕಾಲ ಮುಗಿಯಿತು, ಈಗ ಕಾಯಿಯೇ ಮರ ಹತ್ತಿ ಕೂಗಬೇಕು ಎಂದು ಅವಳ ಅಂಬೋಣ. ಅತ್ತಿಗೆ ಬಟಾಣಿ ಬಿಡಿಸುತ್ತ ಕೇಳುತ್ತಿದ್ದಳು. ಅವಳಿಗೆ ಕೆಲಸ ಕಲಿಸಿದ ಮಾಸ್ಟರು ಹೇಳಿಕೊಟ್ಟದ್ದು ಬೇರೆ: ಒಳ್ಳೆಯ ಕೆಲಸದಲ್ಲಿ ಕೆಲಸ ಮಾಡಿದ ಕೈ ಕಾಣಬಾರದು.

“ಈ ಹದಿನಾಲ್ಕು ವರ್ಷಕ್ಕೆ ಏನು ಬರೀಲಿ?” ನಾದಿನಿ ಕೇಳಿದಳು.

“ಮನೇಲಿದ್ದೆ ಅಂತ ಬರಿ.”

“ಹಾಗೆ ಬರೆದ್ರೆ ಮಲಗಿದ್ದೆ ಅಂತ ಓದ್ತಾರೆ ಅತ್ತಿಗೆ.”

ಮಂಚದ ಮೇಲಿಂದ ಅತ್ತೆ, ಮಲಗಿದ್ದವಳು ನಾನು, ಬೇಕಾದ್ರೆ ನನ್ನ ಅರ್ಜಿ ಹಾಕು ಎಂದರು. ಮೂವರೂ ನಕ್ಕರು.

ಕೊನೆಗೆ ನಾದಿನಿ ತನ್ನ ತಲೆ ಓಡಿಸಿ, ಸ್ವತಂತ್ರವಾಗಿ ಹೊಲಿಗೆ, ವಿನ್ಯಾಸ ಮತ್ತು ದುರಸ್ತಿ ಎಂದು ಬರೆದಳು. ಸುಳ್ಳಲ್ಲವಲ್ಲ. ಹದಿನಾಲ್ಕು ವರ್ಷದಲ್ಲಿ ಈ ಮನೆಯ ಕಿಟಕಿ ಪರದೆ, ದಿಂಬಿನ ಚೀಲ, ಗಂಡನ ಅಂಗಿ, ಈಗ ಬೇರೆ ಊರಲ್ಲಿ ಓದುತ್ತಿರುವ ಮಗಳ ಶಾಲೆಯ ಬಟ್ಟೆ, ಕೈ ಎತ್ತಲಾಗದ ಅತ್ತೆಗೆ ಮುಂದೆ ಗುಂಡಿ ಇಟ್ಟ ನಿಲುವಂಗಿ, ನಾದಿನಿಯ ಮನೆಯ ಸೋಫಾ ಹೊದಿಕೆ, ನಾದಿನಿಯ ಮಗುವಿನ ತೊಟ್ಟಿಲ ಬಟ್ಟೆ ಎಲ್ಲವೂ ಆ ಒಂದೇ ಮಿಷಿನ್ನಿನಿಂದ ಇಳಿದು ಬಂದಿದ್ದವು. ಅದಕ್ಕೆ ಸ್ವತಂತ್ರ ಎಂಬ ಹೆಸರಿದೆ ಎಂದು ಅತ್ತಿಗೆಗೆ ಆ ಭಾನುವಾರ ಗೊತ್ತಾಯಿತು.

ಮೂರು ವಾರದ ಮೇಲೆ ಕರೆ ಬಂತು. ನೂರ ನಲವತ್ತು ಅರ್ಜಿಯಲ್ಲಿ ಹದಿನೆಂಟು ಜನರನ್ನು ಆರಿಸಿದ್ದರು. ಮೇಜಿನ ಮೇಲೆ ಬಟ್ಟೆ ಕತ್ತರಿಸಿ ತೋರಿಸುವ ಪರೀಕ್ಷೆ, ಆಮೇಲೆ ಮಾತುಕತೆ. ಗಂಡನಿಗೆ ಹೇಳಿದಾಗ ಅವನು ಸಂತೋಷವನ್ನೇ ಪಟ್ಟ. ಅವನು ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಯಾವುದೇ ವಿಷಯಕ್ಕೂ, ಮೇಲೆ ಹೋಗೋದಾದ್ರೆ ಹೋಗಲಿ ಎನ್ನುವುದು ಅವನ ರೂಢಿ. ಹೋಗಿ ಬಾ, ಬೇಡ ಅಂದವರು ಯಾರು ಎಂದ. ಬೇಡ ಎನ್ನುವವರಿಲ್ಲದ ಮನೆಯಲ್ಲಿ ಪರೀಕ್ಷೆಯ ದಿನ ಅತ್ತಿಗೆ ನಾಲ್ಕೂವರೆಗೆ ಎದ್ದಳು. ಎರಡು ಹೊತ್ತಿನ ಅಡುಗೆ ಮಾಡಿದಳು, ಅತ್ತೆಯ ಮೈ ಒರೆಸಿ ಬಟ್ಟೆ ಬದಲಿಸಿದಳು, ಮಾತ್ರೆಗಳನ್ನು ಹೊತ್ತಿನ ಪ್ರಕಾರ ಮೂರು ಲೋಟಗಳಡಿ ಇಟ್ಟಳು, ಪಕ್ಕದ ಮನೆಯವಳಿಗೆ ಬೀಗದ ಕೈ ಕೊಟ್ಟು ಒಂದು ಗಂಟೆಗೆ ಬಂದು ಊಟಕ್ಕಿಡಲು ಒಪ್ಪಿಸಿದಳು. ಅದಕ್ಕೆ ಪ್ರತಿಯಾಗಿ ಎರಡು ಪ್ಯಾಂಟಿನ ಅಂಚು ಹಿಂದಿನ ರಾತ್ರಿಯೇ ಮಡಿಚಿ ಹೊಲಿದುಕೊಟ್ಟಿದ್ದಳು. ಇಷ್ಟೆಲ್ಲ ಆಗಿ ಬಸ್ಸಿನಲ್ಲಿ ಕೂತಾಗ, ಪರೀಕ್ಷೆ ಮುಗಿಸಿ ವಾಪಸು ಬರುತ್ತಿರುವವಳಂತೆ ಸುಸ್ತಾಗಿತ್ತು.

ನಾದಿನಿ ಹಿಂದಿನ ದಿನವೇ ಬುದ್ಧಿ ಹೇಳಿದ್ದಳು. ಗಾಢ ಬಣ್ಣದ್ದು ಉಟ್ಟುಕೋ. ಮೂಲೆ ಹಿಡಿದು ಕೂರಬೇಡ. ಯಾರಿಗೂ ಸಹಾಯ ಮಾಡೋಕೆ ಹೋಗಬೇಡ, ಅವರೆಲ್ಲ ನಿನ್ನ ಜೊತೆ ಪೈಪೋಟಿಗೆ ಬಂದಿರೋರು. ಅತ್ತಿಗೆ ಇದ್ದುದರಲ್ಲೇ ಗಾಢವಾದ ಹಸಿರು ಉಟ್ಟಿದ್ದಳು. ಹೊರಗಿನ ಬೆಂಚಿನಲ್ಲಿ ಹದಿನೆಂಟು ಜನರಲ್ಲಿ ಐವರು ಹಸಿರು ತೊಟ್ಟಿದ್ದರು.

ಅವಳ ಎಡಕ್ಕೆ ಸ್ವಂತ ಕತ್ತರಿಯನ್ನು ಚರ್ಮದ ಚೀಲದಲ್ಲಿಟ್ಟು ತಂದ ಗಂಡಸು. ಮಾತಿಗೊಮ್ಮೆ ಆ ಚೀಲ ಸವರುತ್ತಿದ್ದ. ಬಲಕ್ಕೆ ಪ್ಲಾಸ್ಟಿಕ್ ಫೈಲು ಎದೆಗವಚಿಕೊಂಡ ಚಿಕ್ಕ ವಯಸ್ಸಿನವಳು. ಫೈಲಿನಲ್ಲಿ ಏಳು ಸರ್ಟಿಫಿಕೇಟ್ ಇದ್ದವು, ಅವನ್ನು ನೋಡಿಯೇ ಕರೆದಿದ್ದರಂತೆ. ಇದು ಅವಳ ಹನ್ನೊಂದನೆಯ ಪರೀಕ್ಷೆಯಂತೆ. ಎಲ್ಲ ಕಡೆ ಅನುಭವ ಕೇಳ್ತಾರೆ ಅಕ್ಕ, ಯಾರಾದ್ರೂ ಕೆಲಸ ಕೊಟ್ರೆ ತಾನೇ ಅನುಭವ ಎಂದಳು. ನನ್ನ ಹತ್ತಿರ ಅನುಭವವೊಂದೇ ಇರೋದು ಎಂದು ಅತ್ತಿಗೆ ಹೇಳಿದಳು. ಇಬ್ಬರನ್ನೂ ಸೇರಿಸಿ ಹೊಲಿದರೆ ಒಬ್ಬ ಒಳ್ಳೆ ಅಭ್ಯರ್ಥಿ ಆಗ್ತಾಳೆ ಎಂದು ಚರ್ಮದ ಚೀಲದವನು ನಡುವೆ ಬಾಯಿ ಹಾಕಿದ.

ಒಳಗಿನ ಹಜಾರ ಉದ್ದವಾಗಿತ್ತು. ಹೊಸ ಬಟ್ಟೆಯ ಗಂಜಿ ವಾಸನೆ, ಮಿಷಿನ್ ಎಣ್ಣೆಯ ವಾಸನೆ, ಗಾಳಿಯಲ್ಲಿ ತೇಲುವ ನೂಲಿನ ಧೂಳು. ಗಾಜಿನ ಗೋಡೆಯ ಆಚೆ ಹೊಲಿಗೆಯ ಸಾಲು ಕಾಣುತ್ತಿತ್ತು. ನಲವತ್ತು ಹೆಂಗಸರು ಒಬ್ಬರ ಬೆನ್ನಿಗೆ ಒಬ್ಬರಂತೆ ಕೂತು, ತಲೆ ಎತ್ತದೆ ಹೊಲಿಯುತ್ತಿದ್ದರು. ಈಚೆಗೆ ಆರು ಮೇಜು, ಒಂದೊಂದಕ್ಕೂ ಒಂದು ಸಂಖ್ಯೆ; ಸಲಕ್ಕೆ ಆರು ಜನ. ಅವಳದು ನಾಲ್ಕು. ಮೇಜಿನ ಮೇಲೆ ಮೂರು ಮೀಟರು ಬಿಳಿ ಬಟ್ಟೆ, ಸೀಮೆಸುಣ್ಣ, ಕತ್ತರಿ, ಟೇಪು, ಭಾಗಗಳ ಹೆಸರು ಮತ್ತು ಅಳತೆಗಳ ಪಟ್ಟಿ, ಕೋಟಿನ ಚಿತ್ರ. ಕಟಿಂಗ್ ವಿಭಾಗದ ಹಿರಿಯ ಮಾಸ್ಟರು ಕನ್ನಡಕವನ್ನು ಹಣೆಗೇರಿಸಿಕೊಂಡು ನಿಂತು ವಿವರಿಸಿದರು. ಒಂದು ಕೋಟಿಗೆ ಹದಿನಾರು ಭಾಗ. ಒಂದು ಗಂಟೆ ಹೊತ್ತು. ಅಳತೆ ಸರಿಯಿರಬೇಕು, ಬಟ್ಟೆಯ ಎಳೆಯ ದಿಕ್ಕು ಸರಿಯಿರಬೇಕು, ಬಟ್ಟೆ ಆದಷ್ಟು ಉಳಿಯಬೇಕು. ಹೊಲಿಯುವುದು ಬೇಡ, ಕತ್ತರಿಸಿ ಜೋಡಿಸಿಟ್ಟರೆ ಸಾಕು.

ಅತ್ತಿಗೆ ಬಟ್ಟೆಯ ಮೇಲೆ ಅಂಗೈ ಆಡಿಸಿದಳು. ಉಲ್ಲಾಸವೋ ಭಯವೋ ಆಗುತ್ತದೆ ಎಂದುಕೊಂಡಿದ್ದಳು, ಏನೂ ಆಗಲಿಲ್ಲ. ಕೈಗಳು ತಮ್ಮ ಪಾಡಿಗೆ ಕೆಲಸಕ್ಕೆ ತೊಡಗಿದವು. ಬೆನ್ನು, ಎರಡು ಮುಂಭಾಗ, ತೋಳುಗಳು ತಲೆಕೆಳಗಾಗಿ ಒಂದಕ್ಕೊಂದು ಅಂಟಿಕೊಂಡು ಮಲಗಿದವು. ತೋಳಿನ ಬಾಗಿಗೂ ಬೆನ್ನಿನ ಬಾಗಿಗೂ ನಡುವೆ ಬಿದ್ದ ಸಂದಿಯಲ್ಲಿ ಜೇಬು ಕೂತಿತು. ಚರ್ಮದ ಚೀಲದವನು ಮೂರನೆಯ ಮೇಜಿನಲ್ಲಿ ಇನ್ನೂ ಗೆರೆ ಎಳೆಯುತ್ತಿದ್ದಾಗ ಅವಳ ಕತ್ತರಿ ಓಡುತ್ತಿತ್ತು. ನಲವತ್ತೆಂಟು ನಿಮಿಷಕ್ಕೆ ಮುಗಿಯಿತು. ಪಟ್ಟಿಯಲ್ಲಿದ್ದ ಹದಿನಾರು ಹೆಸರಿಗೂ ಒಂದೊಂದು ಗುರುತು ಹಾಕಿ, ತುಂಡುಗಳನ್ನು ಒಪ್ಪವಾಗಿ ಪೇರಿಸಿ, ಉಳಿದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟಳು.

ಹಿರಿಯ ಮಾಸ್ಟರು ಮೊದಲನೆಯ ಮೇಜಿನಿಂದ ನೋಡುತ್ತ ಬಂದರು. ಒಂದರಲ್ಲಿ ಅರ್ಧ ಮೀಟರು ಉಳಿದಿತ್ತು, ಇನ್ನೊಂದರಲ್ಲಿ ಅದಕ್ಕಿಂತ ತುಸು ಹೆಚ್ಚು. ನಾಲ್ಕನೆಯ ಮೇಜಿನಲ್ಲಿ ಮಡಿಕೆ ಬಿಡಿಸಿ, ಟೇಪು ಹಿಡಿದು, ಮತ್ತೊಮ್ಮೆ ಹಿಡಿದರು.

“ಇದು ಯಾರದು? ಒಂದು ಮೀಟರ್ ಮೇಲೇ ಉಳಿದಿದೆಯಲ್ಲ.”

ಉಳಿದ ಐವರೂ ಬಂದು ನೋಡಿದರು. ಆಡಳಿತ ವಿಭಾಗದಿಂದ ಬಂದು ಮೂಲೆಯಲ್ಲಿ ಕೂತಿದ್ದ ಮೇಡಂ ಕೂಡ ಎದ್ದು ಬಂದರು. ಫೈಲಿನ ಹುಡುಗಿ ಬಾಯಿ ತೆರೆದು ನಿಂತಳು. ಅರ್ಧ ನಿಮಿಷ ಅತ್ತಿಗೆ, ನಾದಿನಿ ಹೇಳಿದ್ದಂತೆ, ಎದ್ದು ಕಂಡಳು.

ಆಮೇಲೆ ಮಾಸ್ಟರು ತುಂಡುಗಳನ್ನು ಒಂದೊಂದಾಗಿ ಎತ್ತಿ ಎಣಿಸತೊಡಗಿದರು. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು.

“ಹದಿನಾರು ಇರ್ಬೇಕು. ಇಪ್ಪತ್ತೆರಡಿದೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವಳ ಲೆಕ್ಕದಲ್ಲಿ ಹದಿನಾರೇ ಇದ್ದವು. ಮಾಸ್ಟರು ಕಾಲರಿನ ಒಳಭಾಗವನ್ನು ಎತ್ತಿ ತೋರಿಸಿದರು, ಅದು ಎರಡು ತುಂಡು. ಭುಜದ ಒಳಪದರ ಎರಡು ತುಂಡು. ಗುಂಡಿ ಸಾಲಿನ ಒಳಪಟ್ಟಿಗಳು ಎಡದ್ದು ಮೂರು, ಬಲದ್ದು ಮೂರು. ಎಲ್ಲಕ್ಕೂ ಜೋಡಿಸುವ ಅಂಚು ಬಿಟ್ಟು, ಯಾವುದು ಯಾವುದಕ್ಕೆ ಸೇರಬೇಕೆಂದು ಸೀಮೆಸುಣ್ಣದಲ್ಲಿ ಚಿಕ್ಕ ಗುರುತು ಹಾಕಿತ್ತು. ಗುರುತುಗಳು ಕೂಡ ಅಚ್ಚುಕಟ್ಟಾಗಿದ್ದವು.

“ಒಳಗಡೆ ಬರೋದು ಸರ್. ಹೊರಗೆ ಕಾಣಲ್ಲ” ಎಂದಳು.

“ಅರ್ಜೀಲಿ ಫ್ಯಾಕ್ಟರೀಲಿ ಇದ್ದೆ ಅಂತ ಬರ್ದಿದೀರಿ. ಅಲ್ಲೂ ಹೀಗೆ ಜೋಡಿಸ್ತಿದ್ರಾ?”

ಅವಳು ನೆನಪು ಮಾಡಿಕೊಂಡಳು. ಅರವತ್ತು ಪದರ ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸುತ್ತಿದ್ದರು. ಭಾಗ ಒಡೆಯುವಂತಿರಲಿಲ್ಲ. ಅದು ಮೊದಲ ವಾರದಲ್ಲೇ ಹೇಳಿಕೊಡುವ ಪಾಠ.

“ಇಲ್ಲ ಸರ್.”

“ಮತ್ತೆ?”

“ಮನೇಲಿ ಹೀಗೇ ಮಾಡೋದು.”

ಮನೆಯಲ್ಲಿ ಬೇರೆ ದಾರಿ ಇರಲಿಲ್ಲ. ಗಂಡನ ಅಂಗಿಗೆ ತಂದ ಬಟ್ಟೆಯಲ್ಲಿ ಮಗಳಿಗೊಂದು ಕುಪ್ಪಸ ಹೊರಡಬೇಕು, ಮಗಳ ಕುಪ್ಪಸದ ಬಟ್ಟೆಯಲ್ಲಿ ದಿಂಬಿಗೊಂದು ಚೀಲ. ಎಲ್ಲರದೂ ಮುಗಿದ ಮೇಲೆ ಮಿಕ್ಕ ಚೂರುಪಾರು ಸೇರಿಸಿದರೆ ಅವಳದೊಂದು. ಅವಳ ಬಟ್ಟೆಗಳನ್ನು ಒಳಮಗ್ಗುಲಿಗೆ ತಿರುಗಿಸಿದರೆ ಹೊಲಿಗೆಗಳ ಮೇಲೆ ಹೊಲಿಗೆ. ಅದನ್ನು ಯಾರೂ ತಿರುಗಿಸಿ ನೋಡಿದವರಿಲ್ಲ.

“ಮನೇಲಿ ಈ ಜೋಡಣೆ ಹೊಲಿಯೋದು ಯಾರು?” ಮಾಸ್ಟರು ಕೇಳಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

“ನಾನೇ.”

“ಅದಕ್ಕೇ. ಹೊಲಿಯೋಳ ಹೊತ್ತು ನಿಮ್ಮ ಲೆಕ್ಕಕ್ಕೇ ಬಂದಿಲ್ಲ.” ಅವರು ಗಾಜಿನ ಆಚೆಗೆ ಬೆರಳು ತೋರಿಸಿದರು. “ಒಂದು ಕೋಟಿಗೆ ಆರು ಜೋಡಣೆ. ದಿನಕ್ಕೆ ಆರುನೂರು ಕೋಟು. ಮೂರು ಸಾವಿರದ ಆರುನೂರು ಹೊಲಿಗೆ ಹೆಚ್ಚು. ಅಲ್ಲಿ ಕೂತಿರೋರು ಮಾಡ್ಬೇಕಲ್ಲಮ್ಮ.”

ಅತ್ತಿಗೆ ಆ ಕಡೆ ನೋಡಿದಳು. ಒಬ್ಬಳು ತಲೆ ಬಗ್ಗಿಸಿಕೊಂಡೇ ಒಂದು ಕೈಯಿಂದ ಕತ್ತಿನ ಹಿಂಭಾಗ ಒತ್ತಿಕೊಳ್ಳುತ್ತಿದ್ದಳು. ಎಲ್ಲಿ ನೋಯುತ್ತದೆ ಎಂಬುದು ಅತ್ತಿಗೆಗೆ ಅಳೆದಿಟ್ಟಷ್ಟು ಸರಿಯಾಗಿ ಗೊತ್ತಿತ್ತು.

ಮಾತುಕತೆ ಎರಡೇ ನಿಮಿಷ ನಡೆಯಿತು. ನಿಮ್ಮನ್ನೇ ಯಾಕೆ ಆರಿಸಬೇಕು ಎಂದು ಮೇಡಂ ಕೇಳಿದರು. ಆ ಪ್ರಶ್ನೆಗೆ ನಾದಿನಿ ಬರೆಸಿ ಬಾಯಿಪಾಠ ಮಾಡಿಸಿದ ಉತ್ತರವಿತ್ತು. ಅತ್ತಿಗೆ, ಗೊತ್ತಿರೋ ತಪ್ಪು ಮಾಡ್ಬಿಟ್ಟೆ ಮೇಡಂ, ಇನ್ನೊಂದು ಸಲ ಕತ್ತರಿಸಲಾ ಎಂದಳು. ಇಲ್ಲ, ಎಲ್ಲರಿಗೂ ಒಂದೇ ಅವಕಾಶ ಎಂದು ಮೇಡಂ ಬರೆದುಕೊಂಡರು.

ಬಸ್ಸಿಳಿದು ತರಕಾರಿ ಕೊಂಡಳು. ಗೆಡ್ಡೆ ಆರಿಸುವಾಗ ಅಳು ಬರಬಹುದೇನೋ ಎಂದು ಒಂದು ಕ್ಷಣ ಕಾದಳು. ಬರಲಿಲ್ಲ. ನಿದ್ದೆಯಲ್ಲಿ ಕೈ ಮೈಕೆಳಗೆ ಸಿಕ್ಕಿ ಜೋಮು ಹಿಡಿದರೆ ಅದು ತನ್ನದೇ ಕೈ ಅನ್ನಿಸುವುದಿಲ್ಲವಲ್ಲ, ಆ ರೀತಿ ಇಡೀ ದಿನ ಇತ್ತು.

ರಾತ್ರಿ ಊಟಕ್ಕೆ ನಾದಿನಿಯೂ ಬಂದಳು. ನಡೆದದ್ದನ್ನು ಅತ್ತಿಗೆ ಕತ್ತರಿಸಿದಷ್ಟೇ ಚೊಕ್ಕವಾಗಿ ಹೇಳಿದಳು. ಗಂಡನಿಗೆ ಒಗಟಾಯಿತು. ಬಟ್ಟೆ ಉಳಿಸು ಅಂದವರೇ, ಉಳಿಸಿದ್ದಕ್ಕೆ ಬೇಡ ಅಂದರೆ ಏನರ್ಥ, ಹಾಸಿಗೆ ಇದ್ದಷ್ಟು ಕಾಲು ಚಾಚಿದ್ದು ತಪ್ಪಾಯಿತೇ ಎಂದ. ಅವರು ದುಡ್ಡಿನವರು, ಅವರಿಗೆ ಬಟ್ಟೆಯ ಬೆಲೆ ಗೊತ್ತಿಲ್ಲ ಎಂದು ನಾದಿನಿ ಸಿಟ್ಟಾದಳು. ಅವಳ ಸಿಟ್ಟು ಪ್ರಾಮಾಣಿಕವಾದದ್ದು. ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಓಡಾಡುವಷ್ಟು.

ಅತ್ತೆ ಮಾತ್ರ ಬೇರೆಯದನ್ನೇ ಕೇಳಿದರು: “ಆ ಮಾಸ್ಟರಿಗೆ ಮದುವೆ ಆಗಿದ್ಯಾ?”

“ಯಾಕತ್ತೆ?”

“ಹೊಲಿಯೋಳ ಹೊತ್ತಿಗೆ ಬೆಲೆ ಕಟ್ತಾನೆ ಅಂದೆಯಲ್ಲ. ಫ್ಯಾಕ್ಟರೀಲಿ ಹಾಗಂತಾನೆ. ಮನೇಲಿ ಹೆಂಡ್ತಿ ಹೊತ್ತಿಗೆ ಏನಂತಾನೋ ಅವಳನ್ನ ಕೇಳ್ಬೇಕು.”

ಅತ್ತಿಗೆಗೆ ನಗು ಬಂತು. ಆ ದಿನ ಅವಳ ಒಳಗಿಂದ ಬಂದದ್ದು ಅದೊಂದೇ. ತನ್ನ ಹಗಲುಗಳನ್ನೆಲ್ಲ ನುಂಗಿದ ಈ ಮಂಚದ ಮೇಲಿನ ಮುದುಕಿಗೇ ತನ್ನ ಮಾತು ಅರ್ಥವಾಯಿತಲ್ಲ ಎಂದು ಆಮೇಲೆ ಪಾತ್ರೆ ತಿಕ್ಕುವಾಗ ಯೋಚಿಸಿದಳು.

ಒಂಬತ್ತನೆಯ ದಿನ ಮಧ್ಯಾಹ್ನ ಫೋನು ಬಂತು. ಅದೇ ಮೇಡಂ. ಮಾಸ್ಟರ್ ಹುದ್ದೆಗೆ ಸ್ವಂತ ಕತ್ತರಿ ತಂದಿದ್ದವರನ್ನು ಆರಿಸಲಾಗಿದೆ, ನೀವು ಬಂದದ್ದಕ್ಕೆ ವಂದನೆ ಎಂದರು. ಅತ್ತಿಗೆ ಆಯ್ತು ಎಂದಳು. ಹಾಗಾದರೆ ಅಲ್ಲಿಗೆ ಮುಗಿಯಿತು. ಇನ್ನು ಮೂರು ವಾರಕ್ಕೆ ನಲವತ್ತೈದು. ಆದರೆ ಮೇಡಂ ಫೋನು ಇಡಲಿಲ್ಲ. ಹೊಲಿಗೆಯ ಸಾಲಿನಲ್ಲಿ ಎರಡು ಜಾಗ ಖಾಲಿಯಿವೆ, ಹಿರಿಯ ಮಾಸ್ಟರು ನಿಮ್ಮ ಹೆಸರು ಹೇಳಿದರು, ಇಷ್ಟು ಸಣ್ಣ ತುಂಡಿಗೆ ಗುರುತು ಹಾಕುವ ಕೈ ಹೊಲಿಗೆಯಲ್ಲೂ ಚೆನ್ನಾಗಿರುತ್ತದೆ ಅಂದರು. ಸಾಲಿಗೆ ವಯಸ್ಸು ಕೇಳುವುದಿಲ್ಲ. ಸಂಬಳ ಮಾಸ್ಟರಿನ ಅರ್ಧವೂ ಇಲ್ಲ. ಎಂಟರಿಂದ ಐದು. ಫೈಲಿನ ಹುಡುಗಿ ಒಂದು ಜಾಗಕ್ಕೆ ಒಪ್ಪಿದ್ದಾಳೆ. ಸೋಮವಾರದಿಂದ ಬರಬಹುದೇ?

ಮಾಸ್ಟರ್ ಆಗಿ ಮೇಜಿನ ಮುಂದೆ ನಿಲ್ಲಬೇಕೆಂದು ಹೋದವಳು ಗಾಜಿನ ಆಚೆ ಕೂರಬೇಕು. ತಾನು ಇಳಿದದ್ದೋ ಏರಿದ್ದೋ ಎಂದು ಅತ್ತಿಗೆಗೆ ಹೊಳೆಯಲಿಲ್ಲ. ಕೇಳಿ ಹೇಳುತ್ತೇನೆ ಎನ್ನಲು ಬಾಯಿ ತೆರೆದಳು. ಯಾರನ್ನು ಕೇಳುವುದು, ಏನೆಂದು ಕೇಳುವುದು ಎಂದು ಯೋಚಿಸಿದರೆ ಯಾವ ಮುಖವೂ ಕಣ್ಣ ಮುಂದೆ ಬರಲಿಲ್ಲ.

“ಬರ್ತೀನಿ” ಎಂದಳು.

ಸಂಜೆ ಗಂಡ ಬಂದು ಕಾಲು ತೊಳೆದು ಕೂತ ಮೇಲೆ ಹೇಳಿದಳು. ಅವನಿಗೆ ಮೊದಲು ಬೇಸರವಾಯಿತು, ಮಾಸ್ಟರ್ ಕೆಲಸವಾದರೆ ಬೇರೆ ಮಾತು, ಸಾಲಿನಲ್ಲಿ ಕೂತು ಹೊಲಿಯುವುದಕ್ಕೆ ಯಾಕೆ ಹೋಗಬೇಕು ಎಂದ. ಅದನ್ನು ಮನೆಯಲ್ಲೇ ಮಾಡ್ತಿದೀಯಲ್ಲ ಎಂದ. ಹೌದು ಎಂದಳು. ಆಮೇಲೆ ಅವನಿಗೆ ನಿಜವಾದ ವಿಷಯ ಹೊಳೆಯಿತು.

“ಹಾಗಾದ್ರೆ ಮಧ್ಯಾಹ್ನ ಅಮ್ಮನಿಗೆ?”

“ಗೊತ್ತಿಲ್ಲ.”

ಅವನು ಕಾದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಗೊತ್ತಿಲ್ಲಕ್ಕೆ ಒಂದು ಬಾಲವಿರುತ್ತಿತ್ತು: ಗೊತ್ತಿಲ್ಲ, ಏನಾದ್ರೂ ಮಾಡ್ತೀನಿ, ಗೊತ್ತಿಲ್ಲ, ಪಕ್ಕದವಳನ್ನ ಕೇಳಿ ನೋಡ್ತೀನಿ. ಈ ಸಲ ಬಾಲ ಬರಲಿಲ್ಲ. ಅತ್ತಿಗೆ ಹಟ ಹಿಡಿದಿರಲಿಲ್ಲ, ಕೋಪವೂ ಇರಲಿಲ್ಲ. ಬರಬೇಕಾದ ಮಾತು ಇದ್ದ ಜಾಗವನ್ನು ಅವಳೂ ಒಳಗೆ ತಡವಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ.

ಅವನು ತಂಗಿಗೆ ಫೋನು ಮಾಡಿದ. ನಾದಿನಿ ಶಹಬ್ಬಾಸ್ ಅತ್ತಿಗೆ ಎಂದು ದೂರಕ್ಕೆ ಕೇಳುವಂತೆ ಹೇಳಿದಳು. ಮಧ್ಯಾಹ್ನದ ವಿಚಾರ ಬಂದಾಗ, ನನಗೆ ಊಟದ ಬಿಡುವು ಅರ್ಧ ಗಂಟೆ ಅಣ್ಣ, ಬಸ್ಸಲ್ಲಿ ಬಂದು ಹೋಗೋದ್ರಲ್ಲೇ ಆಗಿಹೋಗುತ್ತೆ ಎಂದಳು. ಫೋನು ಇಟ್ಟು ಅವನು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ.

“ಲೋ” ಎಂದರು ಅತ್ತೆ, “ನಿನ್ನ ಲಿಫ್ಟುಗಳು ಮಧ್ಯಾಹ್ನ ಊಟಕ್ಕೆ ನಿಲ್ಲಲ್ವಾ?”

“ಒಂದೂವರೆಗೆ ಮುಕ್ಕಾಲು ಗಂಟೆ ಬಿಡುವಿದೆ.” ಅಂದ ಮೇಲೆ ಅದನ್ನು ಅಂದದ್ದು ತಾನೇನಾ ಎಂದು ಬೆಚ್ಚಿದ. “ಅಷ್ಟರಲ್ಲಿ ಬಂದು, ಬಡಿಸಿ, ಉಣಿಸಿ, ತಿರುಗಿ ಹೋಗ್ಬೇಕು ಅಂದ್ರೆ…”

“ನನಗೆ ಹಲ್ಲಿಲ್ಲ, ನಿಧಾನ ಆಗುತ್ತೆ” ಎಂದರು ಅತ್ತೆ.

ಅವನು ಬೆರಳು ಮಡಿಸಿ ನಿಮಿಷಗಳನ್ನು ಕೂಡತೊಡಗಿದ: ದಾರಿ ಹನ್ನೆರಡು, ಕೈ ತೊಳೆದು ಬಿಸಿ ಮಾಡಲು ಐದು, ಉಣಿಸಲು ಇಪ್ಪತ್ತು. ಮಧ್ಯೆ ತಪ್ಪಿ, ಮೊದಲಿಂದ ಕೂಡಿದ. ಮಾತ್ರೆ ಎಲ್ಲಿರುತ್ತೆ ಎಂದು ಅತ್ತಿಗೆಯನ್ನು ಕೇಳಿದ. ಕಪಾಟಿನ ಎರಡನೇ ಖಾನೆ ಎಂದಳು. ಅವನು ಎದ್ದು ಹೋಗಿ ಖಾನೆ ತೆರೆದು, ಡಬ್ಬಿಗಳ ಮೇಲಿನ ಬರಹವನ್ನು ದೀಪಕ್ಕೆ ಹಿಡಿದು ಓದುತ್ತ ನಿಂತ. ಅತ್ತಿಗೆ ಕೂತಲ್ಲಿಂದ ಏಳಲಿಲ್ಲ.